ಧೂಳಿನ ಕಣವೂ ತೈಪರ್ವತವೂ

ಕೊರಿಯಾದಲ್ಲಿ 'ತಿಕ್ಕಲ್ ಮೊವಾ ತೇಸಾನ್' ಎಂಬ ಗಾದೆಯುಂಟು. ಧೂಳಿನ ಕಣಗಳನ್ನು ಕೂಡಿಸಿದರೆ ತೈಪರ್ವತವಾದೀತೆಂದು ತಾತ್ಪರ್ಯ. ಆ ಪರ್ವತವಿರುವುದೋ ಚೀನದಲ್ಲಿ; ಗಾದೆಗೆ ಗಡಿಯೆಲ್ಲಿಯದು! ನಮ್ಮ 'ಹನಿ ಹನಿ ಕೂಡಿದರೆ ಹಳ್ಳ'ವೂ ಇದರ ಒಡಹುಟ್ಟೇ ಸರಿ.

1907ರಲ್ಲಿ ಜಪಾನಿಗೆ ಸಲ್ಲಬೇಕಾಗಿದ್ದ 1 ಕೋಟಿ 30 ಲಕ್ಷ ವೊನ್ ಸಾಲವನ್ನು ಪ್ರಜೆಗಳೇ ತೀರಿಸತಕ್ಕದ್ದೆಂದು ಅಲ್ಲಿಯ ದೇಗು ಪಟ್ಟಣದಲ್ಲಿ ಚಳುವಳಿ ಹುಟ್ಟಿತು. ಗಂಡಸರು ಮೂರು ತಿಂಗಳು ಹೊಗೆಸೊಪ್ಪನ್ನು ಬಿಟ್ಟು ಅದರ ಹಣವನ್ನಿತ್ತರು. ಸ್ತ್ರೀಯರು ಉಂಗುರಗಳನ್ನು ಕಳಚಿಕೊಟ್ಟರು. ಜಪಾನೀಯರ ಅಡ್ಡಿಯಿಂದ ಕಾರ್ಯವು ಕೈಗೂಡಲಿಲ್ಲ. 1910ರಲ್ಲಿ ದೇಶವೇ ಪರಾಧೀನವಾಯಿತು.

ಭಾಲ್ಕಿಯವರಾದ ನಮಗೆ ಈ ವೃತ್ತಾಂತವು ದೂರದ್ದಲ್ಲ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡ ಕಲಿಸಿದರು. ಅದಕ್ಕೆ ಬೇಕಾದ ಧನವನ್ನು ಜೋಳಿಗೆ ಹಿಡಿದು ಊರೂರು ತಿರುಗಿ ಕೂಡಿಸಿದರು. ಅಲ್ಲಿ ಅಕ್ಷರ ಕಲಿತವರ ಮೊಮ್ಮಕ್ಕಳು ಈ ಪತ್ರಿಕೆಯ ವಾಚಕರಲ್ಲಿದ್ದಾರೆ.