ದೋಟಿಯ ತುದಿಯಲ್ಲಿರುವ ಭೌತವಿಜ್ಞಾನ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಇಂದು ಹಲವು ಬಗೆಯ ದೋಟಿಗಳನ್ನು ಕಾಣಬಹುದು. ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟ ಹಳೆಯ ಬಿದಿರಿನ ದೋಟಿ ಒಂದು. ಒಂದರೊಳಗೊಂದು ಸೇರಿಕೊಳ್ಳುವ ಕಪ್ಪು ಕೊಳವೆಗಳ ಕಾರ್ಬನ್ ದೋಟಿ ಇನ್ನೊಂದು. ಇವೆರಡರ ನಡುವೆ ಅಲ್ಯೂಮಿನಿಯಂ ಮತ್ತು ಗಾಜುನಾರಿನ ದೋಟಿಗಳೂ ಬಂದು ಹೋಗಿವೆ. ಕೆಲಸ ಮಾತ್ರ ಒಂದೇ: ನೆಲದ ಮೇಲೆ ನಿಂತು ಮರದ ನೆತ್ತಿಯ ಕೊನೆಯನ್ನು ಕೊಯ್ಯುವುದು, ಇಲ್ಲವೇ ಅದಕ್ಕೆ ಔಷಧಿ ಹೊಡೆಯುವುದು. ಬಳಸಿದವರನ್ನು ಕೇಳಿದರೆ ‘ಇದು ಕೈಗೆ ಹಗುರ’, ‘ಅದು ತೊನೆಯುತ್ತದೆ’, ‘ಇದು ಹೇಳಿದಂತೆ ಕೇಳುತ್ತದೆ’ ಎನ್ನುತ್ತಾರೆ. ಇವು ಬರಿಯ ಅಭಿಪ್ರಾಯಗಳಲ್ಲ. ಕೈಗೆ ಆಗುವ ಈ ಅನುಭವದ ಹಿಂದೆ ಅಳೆಯಬಹುದಾದ ಪರಿಮಾಣಗಳಿವೆ. ಅವುಗಳನ್ನು ಅರಿಯಲು ವಿಜ್ಞಾನಕ್ಕೆ ಇನ್ನೂರು ವರ್ಷಗಳೇ ಬೇಕಾದವು.

ಎತ್ತರದ ಸಮಸ್ಯೆ

ಅಡಿಕೆ ಮರ 15 ಮೀಟರಿಗೂ ಮೀರಿ ಬೆಳೆಯುತ್ತದೆ. ಕೊಂಬೆಗಳಿಲ್ಲ, ಕಾಂಡ ನುಣುಪು. ಮಲೆನಾಡಿನ ಮಳೆಗಾಲದಲ್ಲಿ ಕಾಡುವ ಕೊಳೆರೋಗ ಕಾಯಿಗಳನ್ನು ಉದುರಿಸುತ್ತದೆ. ಹಿಂದೆ ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ಸಿಂಪಡಣೆ ಮಲೆನಾಡಿನಲ್ಲಿ ರೂಢಿಗೆ ಬಂತು. ಆದರೆ ಔಷಧಿ ಸಿಕ್ಕರೂ ಎತ್ತರ ಕಡಿಮೆಯಾಗಲಿಲ್ಲ. ಕಾಲಿಗೆ ತಳೆ ಹಾಕಿಕೊಂಡು ಒದ್ದೆ ಮರ ಏರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಕೊನೆಗಾರನ ಕೌಶಲವೇ ಆಧಾರವಾಯಿತು. ಅಲ್ಲಿ ಕಾಲು ಜಾರಿದರೆ ಜೀವಕ್ಕೇ ಅಪಾಯ. ಇಂದು ಆ ಕೌಶಲವನ್ನು ಕಲಿಯುವ ಯುವಕರು ವಿರಳ. ಹೀಗಾಗಿಯೇ ಒಂದು ಕಾಲದಲ್ಲಿ ಗಿಡ್ಡ ಮರಗಳಿಗೆ ಮೀಸಲಾಗಿದ್ದ ದೋಟಿ ಈಗ ತೋಟದ ಮುಖ್ಯ ಸಾಧನವಾಗುತ್ತಿದೆ.

ಟೊಳ್ಳು ಕೋಲಿನ ಬಲ

ಬಿದಿರನ್ನು ಆರಿಸಿದ ನಮ್ಮ ಹಿರಿಯರು ಒಳ್ಳೆಯ ಎಂಜಿನಿಯರುಗಳೇ ಆಗಿದ್ದರು. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ದೊಡ್ಡ ಗ್ರಂಥದಲ್ಲಿ ಗೆಲಿಲಿಯೋ ಒಂದು ವಿಷಯವನ್ನು ಎತ್ತಿದ್ದಾನೆ. ಹಕ್ಕಿಯ ಮೂಳೆ, ಜೊಂಡಿನ ದಂಟುಗಳು ಟೊಳ್ಳಾಗಿದ್ದೂ ಅಷ್ಟು ಗಟ್ಟಿ ಏಕೆ? ಕೋಲು ಬಾಗುವಾಗ ಒಂದು ಬದಿ ಹಿಗ್ಗುತ್ತದೆ, ಎದುರು ಬದಿ ಕುಗ್ಗುತ್ತದೆ, ನಡುವಿನ ಭಾಗಕ್ಕೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಅಷ್ಟೇ ವಸ್ತುವನ್ನು ಹೊರಗಿನ ಸುತ್ತಿಗೆ ಸರಿಸಿದರೆ ಕೋಲು ಬಾಗುವುದು ಕಡಿಮೆ. ಬಿದಿರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಗೋಡೆಯೊಳಗೂ ನಾರುಗಳು ಹೊರಸಿಪ್ಪೆಯ ಕಡೆಗೇ ದಟ್ಟವಾಗಿರುತ್ತವೆ. ಬಾಗುವಾಗ ಕೊಳವೆ ಚಪ್ಪಟೆಯಾಗದಂತೆ ಗೆಣ್ಣುಗಳು ತಡೆಯುತ್ತವೆ.

1807ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಥಾಮಸ್ ಯಂಗ್ ವಸ್ತುವಿನ ಬಿಗುವನ್ನು ಒಂದು ಸಂಖ್ಯೆಯಾಗಿ ಹೇಳುವ ದಾರಿ ತೋರಿದ. ಈ ಯಂಗ್ ಗುಣಾಂಕ ಅಲ್ಯೂಮಿನಿಯಮ್ಮಿಗೆ ಸುಮಾರು 70 ಗಿಗಾಪಾಸ್ಕಲ್; ಒಣಗಿದ ಬಿದಿರಿಗೆ ನಾರಿನ ಉದ್ದಕ್ಕೆ ಸುಮಾರು 15. ಇಷ್ಟನ್ನೇ ನೋಡಿದರೆ ಬಿದಿರು ಸೋತಂತೆ. ಆದರೆ ದೋಟಿ ತನ್ನ ತೂಕವನ್ನು ತಾನೇ ಹೊರಬೇಕು. ಆದ್ದರಿಂದ ಬಿಗುವನ್ನು ಸಾಂದ್ರತೆಯಿಂದ ಭಾಗಿಸಿ ನೋಡುವುದು ನ್ಯಾಯ. ಸಾಂದ್ರತೆಯನ್ನು ನೀರಿಗೆ 1 ಎಂದು ಇಟ್ಟುಕೊಂಡರೆ ಬಿದಿರು 0.7, ಅಲ್ಯೂಮಿನಿಯಂ 2.7, ಗಾಜುನಾರಿನ ಕೊಳವೆ 1.9, ಕಾರ್ಬನ್ ಕೊಳವೆ 1.6. ಗಾಜುನಾರಿನ ಕೊಳವೆಗೆ ಯಂಗ್ ಗುಣಾಂಕ 35 ಎಂದೂ ಕಾರ್ಬನ್ ಕೊಳವೆಗೆ 100 ಎಂದೂ ಹಿಡಿಯೋಣ. ಆಗ ಭಾಗಲಬ್ಧಗಳು ಹೀಗೆ ಬರುತ್ತವೆ: ಗಾಜುನಾರು 18, ಬಿದಿರು 21, ಅಲ್ಯೂಮಿನಿಯಂ 26, ಕಾರ್ಬನ್ 62. ಬಿದಿರು ಅಲ್ಯೂಮಿನಿಯಮ್ಮಿನ ಹತ್ತಿರವೇ ನಿಂತಿದೆ, ಗಾಜುನಾರನ್ನು ಹಿಂದಿಕ್ಕಿದೆ!

ಈ ಸಂಖ್ಯೆಗಳ ಅರ್ಥವನ್ನು ತೋಟದಲ್ಲಿ ಕಾಣಲು ಗ್ರೀನ್‌ಹಿಲ್ ಎಂಬ ಗಣಿತಜ್ಞ ನೆರವಾಗುತ್ತಾನೆ. ನೆಟ್ಟಗೆ ನಿಂತ ಕಂಬ ಅಥವಾ ಮರ ತನ್ನ ತೂಕಕ್ಕೇ ಬಾಗಿಹೋಗದೆ ಎಷ್ಟು ಎತ್ತರ ನಿಲ್ಲಬಲ್ಲದು ಎಂಬುದನ್ನು ಆತ 1881ರಲ್ಲಿ ಲೆಕ್ಕ ಹಾಕಿದ. 5 ಸೆಂ.ಮೀ. ವ್ಯಾಸದ, ತೆಳು ಗೋಡೆಯ, ಬುಡ ಅಲುಗದಂತೆ ಹಿಡಿದ ಕೊಳವೆಗೆ ಅವನ ಸೂತ್ರ ಅನ್ವಯಿಸಿದರೆ ಅಲ್ಯೂಮಿನಿಯಮ್ಮಿನ ಮಿತಿ 19 ಮೀಟರ್, ಬಿದಿರಿನದು 17, ಕಾರ್ಬನ್ನಿನದು 25 ಮೀಟರ್ ಆಸುಪಾಸು. ಕೈಯಲ್ಲಿ ಹಿಡಿದ ದೋಟಿಯ ಬುಡ ಅಷ್ಟು ಭದ್ರವಲ್ಲ. ತುದಿಯಲ್ಲಿ ಕತ್ತಿಯೂ ಇರುತ್ತದೆ. ಆದ್ದರಿಂದ ನಿಜವಾದ ಮಿತಿ ಇನ್ನೂ ಕೆಳಗೆ. 15 ಮೀಟರ್ ಎತ್ತರದ ಕೊನೆಯ ಬಳಿ ಬಿದಿರಿನ ದೋಟಿ ಏಕೆ ಹಠಮಾರಿಯಾಗುತ್ತದೆ, ಕಾರ್ಬನ್ ಏಕೆ ಮಾತು ಕೇಳುತ್ತದೆ ಎಂಬುದು ಈಗ ಸ್ಪಷ್ಟ.

ಬಿಲಿಯರ್ಡ್ಸ್ ಮೇಜಿನಿಂದ ಒಂದು ಪಾಠ

ಕೋಲಿನ ‘ಕೈ ಅನುಭವ’ವನ್ನು ಅತಿ ಸೂಕ್ಷ್ಮವಾಗಿ ಪರೀಕ್ಷಿಸಿದವರು ರೈತರಲ್ಲ, ಬಿಲಿಯರ್ಡ್ಸ್, ಸ್ನೂಕರ್ ಮತ್ತು ಪೂಲ್ ಆಟಗಾರರು. ಅವರ ಕೋಲಿಗೆ ಕ್ಯೂ ಎಂದು ಹೆಸರು. ಉದ್ದ ಸುಮಾರು ಒಂದೂವರೆ ಮೀಟರ್, ತೂಕ ಅರ್ಧ ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು. ಸ್ನೂಕರ್ ಕ್ಯೂಗೆ ಆ್ಯಶ್ ಮರವನ್ನೂ ಪೂಲ್ ಕ್ಯೂಗೆ ಮೇಪಲ್ ಮರವನ್ನೂ ಹೆಚ್ಚಾಗಿ ಬಳಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಮಿಂಗೊ ಕ್ಯೂವಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿದ ಮೇಲೆ ಚೆಂಡಿನ ನಡುವಿನಿಂದ ಪಕ್ಕಕ್ಕೆ ಹೊಡೆದು ಅದನ್ನು ತಿರುಗಿಸುವುದು ಸುಲಭವಾಯಿತು. ವಿದ್ಯಾರ್ಥಿಗಳಿಗೆ ಕೊರಿಯೊಲಿಸ್ ಬಲದಿಂದ ಪರಿಚಿತನಾದ ವಿಜ್ಞಾನಿ ಕೊರಿಯೊಲಿಸ್ 1835ರಲ್ಲಿ ಈ ಆಟದ ಗಣಿತದ ಮೇಲೆಯೇ ಒಂದು ಪುಸ್ತಕ ಬರೆದ.

ಹೀಗೆ ಪಕ್ಕಕ್ಕೆ ಹೊಡೆದಾಗ ಚೆಂಡು ಕ್ಯೂವಿನ ನೇರಕ್ಕೆ ಹೋಗದೆ ಒಂದಿಷ್ಟು ಓರೆಯಾಗಿ ಹೊರಡುತ್ತದೆ. ಕಾರಣ ಹುಡುಕಿದಾಗ ತಿಳಿದದ್ದು ಇದು: ತುದಿ ಚೆಂಡನ್ನು ತಾಗಿರುವುದು ಸುಮಾರು ಒಂದು ಮಿಲಿಸೆಕೆಂಡು ಮಾತ್ರ. ಆ ಅವಧಿಯಲ್ಲಿ ಪಕ್ಕದ ತಳ್ಳುವಿಕೆಯ ಅಲೆ ಕೋಲಿನ ಸ್ವಲ್ಪ ಭಾಗವನ್ನಷ್ಟೇ ದಾಟುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಕ್ಯೂವಿನ ಒಟ್ಟು ತೂಕವಲ್ಲ, ತುದಿಯ ಸ್ವಲ್ಪ ಭಾಗದ ತೂಕ. 1990ರ ದಶಕದಲ್ಲಿ ಅಮೆರಿಕದ ತಯಾರಕರು ತುದಿಯನ್ನು ಹಗುರಗೊಳಿಸಿದ ಮರದ ಕ್ಯೂಗಳನ್ನು ತಂದರು. ನಂತರ ಕಾರ್ಬನ್ ಕೊಳವೆಯ ಕ್ಯೂಗಳೂ ಬಂದವು.

ದೋಟಿಯಲ್ಲೂ ತುದಿಯೇ ಮುಖ್ಯ, ಕಾರಣ ಮಾತ್ರ ಬೇರೆ. ಓರೆಯಾದ ದೋಟಿಯನ್ನು ಬೀಳದಂತೆ ಹಿಡಿಯಲು, ತುದಿಯ 100 ಗ್ರಾಂ ಕೋಲಿನುದ್ದಕ್ಕೂ ಸಮನಾಗಿ ಹರಡಿದ 200 ಗ್ರಾಂಗೆ ಸಮ. ಒಂದು ಕೊನೆಯಿಂದ ಇನ್ನೊಂದಕ್ಕೆ ಬೀಸಲು ಅದು 300 ಗ್ರಾಂಗೆ ಸಮ! ಸಮ ದಪ್ಪದ ಕೋಲಿನ ಮೊಮೆಂಟ್ ಆಫ್ ಇನರ್ಷಿಯಾ ಅದರ ದ್ರವ್ಯರಾಶಿ ಮತ್ತು ಉದ್ದದ ವರ್ಗದ ಗುಣಲಬ್ಧದ ಮೂರನೆಯ ಒಂದು ಭಾಗ. ತುದಿಯ ತೂಕಕ್ಕೆ ಈ ವಿನಾಯಿತಿ ಇಲ್ಲ. ತುದಿಯ ಕಡೆಗೆ ಕ್ರಮವಾಗಿ ಹಗುರವಾಗುತ್ತ ಹೋಗುವ ಕೋಲಿಗೆ ಅದು ಆರನೆಯ ಒಂದು ಭಾಗಕ್ಕೂ ಇಳಿಯಬಲ್ಲದು. ಬಿದಿರು ಸಹಜವಾಗಿಯೇ ಹೀಗೆ ಸಣ್ಣಗಾಗುತ್ತದೆ. ಕಾರ್ಬನ್ ದೋಟಿಯ ಕೊಳವೆಗಳೂ ಹಾಗೆಯೇ. ಔಷಧಿ ಹೊಡೆಯುವಾಗ 8 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ 15 ಮೀಟರಿಗೆ ಮುಕ್ಕಾಲು ಲೀಟರ್ ದ್ರಾವಣ ತುಂಬಿರುತ್ತದೆ ಎಂಬುದನ್ನೂ ಮರೆಯಬಾರದು. ದುಬಾರಿ ದೋಟಿ ಕೊಂಡು ಅದಕ್ಕೆ ಭಾರವಾದ ಕತ್ತಿ ಕಟ್ಟಿದರೆ ಕೊಟ್ಟ ಹಣದ ಅರ್ಧ ಲಾಭ ಹೋದಂತೆಯೇ.

ಬಿದಿರೇ ಕಾರ್ಬನ್ ಆದ ಕಥೆ

ಬಿದಿರು ಮತ್ತು ಕಾರ್ಬನ್ನಿಗೆ ಹಳೆಯ ನಂಟಿದೆ. 1880ರಲ್ಲಿ ಎಡಿಸನ್ ತನ್ನ ವಿದ್ಯುತ್ ದೀಪಕ್ಕೆ ಜಪಾನಿನ ಬಿದಿರಿನ ಸೀಳುಗಳನ್ನು ಸುಟ್ಟು ಇಂಗಾಲದ ಎಳೆ ಮಾಡಿದ. ಅದು ಸಾವಿರ ಗಂಟೆಗೂ ಮೀರಿ ಉರಿಯಿತು, ಆದರೆ ಬಲವಾಗಿರಲಿಲ್ಲ. ಬಲವಾದ ಕಾರ್ಬನ್ ನಾರಿಗೆ 1958ರವರೆಗೆ ಕಾಯಬೇಕಾಯಿತು; ಅಮೆರಿಕದ ರೋಜರ್ ಬೇಕನ್ ಆ ದಾರಿ ತೆರೆದ. ಮುಂದೆ ಜಪಾನಿನ ಅಕಿಯೊ ಶಿಂಡೊ ಮತ್ತು ಬ್ರಿಟನ್ನಿನ ಫಾರ್ನ್‌ಬರೋ ಪ್ರಯೋಗಾಲಯದವರು ಕೃತಕ ಬಟ್ಟೆಯ ನೂಲಿನಿಂದ ನಾರು ತೆಗೆಯುವ ವಿಧಾನವನ್ನು ಬೆಳೆಸಿದರು. 1970ರ ದಶಕದಲ್ಲಿ ಅದು ಗಾಲ್ಫ್ ಕೋಲು, ಮೀನಿನ ಗಾಳದ ಕೋಲುಗಳಿಗೆ ಇಳಿಯಿತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು 45 ಶೇಕಡಾ ಇಂಥ ಸಂಯುಕ್ತ ವಸ್ತುಗಳೇ. ಅದೇ ಕುಲದ ವಸ್ತು ಈಗ ಮಲೆನಾಡಿನ ತೋಟಕ್ಕೂ ಬಂದಿದೆ.

ಮರೆಯಬಾರದ ಅಪಾಯ

ಕಾರ್ಬನ್ ನಾರು ವಿದ್ಯುತ್ ವಾಹಕ. ಅಲ್ಯೂಮಿನಿಯಮ್ಮಿನಂತೆಯೇ ಅದೂ ತಂತಿ ತಾಗಿದರೆ ಪ್ರಾಣ ತೆಗೆಯಬಲ್ಲದು. ಕಪ್ಪು ಕೊಳವೆ ಲೋಹದಂತೆ ಕಾಣದಿರುವುದರಿಂದ ಅನೇಕರು ಇದನ್ನು ಊಹಿಸುವುದಿಲ್ಲ. ಗಾಜುನಾರು ನಿರೋಧಕ, ವಿದ್ಯುತ್ ಮಾರ್ಗದ ಕೆಲಸಗಾರರ ಉದ್ದ ಕೋಲುಗಳನ್ನು ಅದರಿಂದಲೇ ಮಾಡುತ್ತಾರೆ. ಆದರೆ ಮಳೆಯಲ್ಲಿ ನೆನೆದ ಬಿದಿರನ್ನೂ ದ್ರಾವಣ ತುಂಬಿದ ಪೈಪನ್ನೂ ನಂಬುವಂತಿಲ್ಲ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ದೋಟಿ ಎತ್ತುವ ಮೊದಲು ಅದರ ಪೂರ್ಣ ಉದ್ದ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗದಷ್ಟು ದೂರವಿದೆಯೇ ಎಂದು ನೋಡಬೇಕು. ಇಲ್ಲವಾದರೆ ವಿದ್ಯುತ್ ಕಡಿತಗೊಳಿಸಿಯೇ ಕೆಲಸ ಮಾಡಬೇಕು. ಮರ ಏರುವ ಅಪಾಯವನ್ನು ತಪ್ಪಿಸಲು ಬಂದ ಸಾಧನ ಇನ್ನೊಂದು ಅಪಾಯವನ್ನು ತರಬಾರದು.

ಶಿಕ್ಷಕರು ಈ ಪಾಠವನ್ನು ಶಾಲೆಯ ಅಂಗಳದಲ್ಲೇ ಮಾಡಬಹುದು. ಒಂದೇ ಉದ್ದದ ಬಿದಿರು, ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಕೊಳವೆಗಳ ಬುಡವನ್ನು ಮೇಜಿಗೆ ಬಿಗಿಯಿರಿ. ತುದಿಗೆ ಒಂದೇ ತೂಕ ಕಟ್ಟಿ ಎಷ್ಟು ಬಾಗಿತೆಂದು ಅಳೆಯಿರಿ. ತುದಿಯನ್ನು ಎಳೆದು ಬಿಟ್ಟು ಹತ್ತು ತೂಗಾಟಗಳಿಗೆ ಬೇಕಾದ ಸಮಯ ಬರೆದುಕೊಳ್ಳಿ. ನಂತರ ಅದೇ ತೂಕವನ್ನು ಕೊಳವೆಯ ನಡುವಿಗೆ ಸರಿಸಿ ಮತ್ತೆ ಅಳೆಯಿರಿ. ಕೊನೆಗಾರರ ಕೈಗೆ ತಲೆಮಾರುಗಳಿಂದ ಗೊತ್ತಿದ್ದ ವಿಷಯ ಮಕ್ಕಳ ನೋಟ್ ಪುಸ್ತಕದಲ್ಲಿ ಅಂಕಿಗಳಾಗಿ ಮೂಡುತ್ತದೆ.