ಮರಣದ ರಿಜಿಸ್ಟರಿನಲ್ಲಿ ನಮ್ಮವರ ಹೆಸರು

ಊರಲ್ಲಿ ಯಾರೇ ಸತ್ತರೂ ಮೊದಲ ಕೂಗು ಬರುತ್ತಿದ್ದದ್ದು ನಮ್ಮ ಹಟ್ಟಿಗೆ. ಗೌಡರ ಮನೆಯ ಸಾವಿರಲಿ, ಶಾನುಭೋಗರ ಮನೆಯ ಸಾವಿರಲಿ, ನಡುರಾತ್ರಿಯಾದರೂ ಕುಳವಾಡಿ ಎದ್ದು ಕಂಬಳಿ ಹೊದ್ದು ಹತ್ತು ಹದಿನೈದು ಮೈಲಿ ನಡೆದು ನೆಂಟರ ಊರಿಗೆ ಸುದ್ದಿ ಮುಟ್ಟಿಸಬೇಕು. ಅಲ್ಲಿ ಜಗುಲಿ ಕೆಳಗೇ ನಿಂತು ಹೇಳಬೇಕು. ತಿರುಗಿ ಬಂದು ಗುಂಡಿ ತೋಡಬೇಕು, ಸೌದೆ ಹೊರಬೇಕು, ತಮಟೆ ಬಡೀಬೇಕು. ಕೂಲಿ ಅಂತ ಬಾಯಿ ಬಿಡುವಂತಿಲ್ಲ, ಅದು ಬಿಟ್ಟಿ ಚಾಕರಿ. ಹಿಂದೂ ಹಳ್ಳಿ ಅಸ್ಪೃಶ್ಯರ ಮೇಲೆ ಹೇರಿದ ಕೆಲಸಗಳನ್ನು ಪಟ್ಟಿ ಮಾಡುವಾಗ ಬಾಬಾಸಾಹೇಬ ಅಂಬೇಡ್ಕರರು ಇದನ್ನೂ ಸೇರಿಸಿದ್ದಾರೆ. ನೆಂಟರ ಊರು ಎಷ್ಟೇ ದೂರವಿದ್ದರೂ ಅಸ್ಪೃಶ್ಯನೇ ಸಾವಿನ ಸುದ್ದಿ ಒಯ್ಯಬೇಕಿತ್ತು ಎಂದು ಬರೆದಿದ್ದಾರೆ.

ಹೀಗೆ ಎಲ್ಲರ ಸಾವನ್ನೂ ಸಾರಿದ ಜನರ ಸಾವನ್ನು ಯಾರು ಬರೆದಿಟ್ಟರು? ಸರ್ಕಾರದ ಕಪಾಟು ತೆಗೆದು ನೋಡಿದರೆ ನಮ್ಮ ಅಜ್ಜ ಮುತ್ತಜ್ಜಂದಿರು ಸತ್ತರೆಂಬುದಕ್ಕೆ ಒಂದು ಸಾಲಾದರೂ ಸಿಗುತ್ತದೆಯೆ?

ಈ ಪ್ರಶ್ನೆ ನಮಗೆ ಹುಟ್ಟಿದ್ದು ನಮ್ಮ ಕೇರಿಯ ಅಜ್ಜಿಯೊಬ್ಬರ ಜೊತೆ ತಾಲ್ಲೂಕು ಕಚೇರಿಯೊಂದಕ್ಕೆ ಹೋದಾಗ. ಗಂಡನಿಗೆ ದರಖಾಸ್ತಿನಲ್ಲಿ ಸಿಕ್ಕ ಎರಡು ಎಕರೆ ಇದೆ. ಆತ ಸತ್ತು ನಲವತ್ತು ವರ್ಷವಾದರೂ ಪಹಣಿ ಅವನ ಹೆಸರಲ್ಲೇ ಕೂತಿದೆ. ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ತನ್ನಿ ಅಂದರು. ಪೌತಿ ಎಂಬ ಮಾತೇ ಅರಬ್ಬಿಯ ‘ಫೌತ್’ನಿಂದ ಬಂದದ್ದು, ಅದಕ್ಕೆ ಸಾವು ಎಂದೇ ಅರ್ಥ. ಗುಮಾಸ್ತ ಕೇಳಿದ: “ಯಾವ ತಾರೀಕು ಸತ್ತಿದ್ದಮ್ಮಾ ನಿನ್ನ ಯಜಮಾನ?” ಅಜ್ಜಿ ಹೇಳಿದರು: “ಇಂದ್ರಮ್ಮನ್ನ ಗುಂಡಿಟ್ಟು ಕೊಂದ್ರಲ್ಲ ಬುದ್ಧಿ, ಅದಾದ್ಮೇಲೆ ಬಂದ ರಾಗಿ ಕುಯ್ಲಲ್ಲಿ.” ಗುಮಾಸ್ತ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ನಮಗೆ ನಗು ಬರಲಿಲ್ಲ. ಅಜ್ಜಿ ಕೊಟ್ಟದ್ದು ಪಕ್ಕಾ ಲೆಕ್ಕ. ಇಂದಿರಾಗಾಂಧಿ ಹತ್ಯೆಯಾದದ್ದು 1984ರ ಅಕ್ಟೋಬರ್ 31ರಂದು. ರಾಗಿ ಕುಯ್ಲು ನವೆಂಬರ್, ಡಿಸೆಂಬರ್. ಎರಡು ತಿಂಗಳ ಪುಟ ತಿರುವಿದರೆ ಸಾಕು.

ಕೊನೆಗೆ ತಿರುವಿಸಿದೆವು. ಆ ಎರಡು ತಿಂಗಳಲ್ಲಿ ನಮ್ಮೂರಿನ ಸಾವುಗಳಿದ್ದವು, ಎಲ್ಲ ಊರೊಳಗಿನವರ ಹೆಸರು. ಹಟ್ಟಿಯದು ಒಂದೂ ಇರಲಿಲ್ಲ.

ಇದು ಒಬ್ಬ ಗುಮಾಸ್ತನ ತಪ್ಪು ಅಂತ ಬೈದು ಸುಮ್ಮನಾಗುವ ವಿಷಯವಲ್ಲ ಗೆಳೆಯರೆ. ಇದರ ಹಿಂದೆ ನೂರೈವತ್ತು ವರ್ಷದ ಚರಿತ್ರೆ ಇದೆ.

1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಧಾತು ಈಶ್ವರ ಬರ ನುಂಗಿತು. ಎಷ್ಟು ಜನ ಸತ್ತರು? ಅದು ಗೊತ್ತಾದದ್ದು ಕಳೆಯುವ ಲೆಕ್ಕದಿಂದ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಸ್ವಲ್ಪ ಮೇಲಿತ್ತು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಡುವಿನ ಎಂಟೂವರೆ ಲಕ್ಷಕ್ಕೂ ಮಿಕ್ಕಿದ ಜನಕ್ಕೆ ಹೆಸರಿಲ್ಲ, ತಾರೀಕಿಲ್ಲ, ಸತ್ತ ಜಾಗವಿಲ್ಲ. ಕಣಜ ಇದ್ದವನು ಹೇಗೋ ಬದುಕಿಕೊಂಡ. ದಿನಗೂಲಿಯಲ್ಲಿ ಗಂಜಿ ಕಾಣುತ್ತಿದ್ದವನು ಗಂಜಿಕೇಂದ್ರದ ದಾರಿಯಲ್ಲೇ ಬಿದ್ದ. ಹಾಗೆ ಬಿದ್ದವರಲ್ಲಿ ನಮ್ಮವರೆಷ್ಟು ಎಂಬುದನ್ನು ಯಾವ ರಿಜಿಸ್ಟರೂ ಹೇಳುವುದಿಲ್ಲ.

ಬ್ರಿಟಿಷರು 1886ರಲ್ಲಿ ಜನನ ಮರಣ ವಿವಾಹ ನೋಂದಣಿ ಕಾಯ್ದೆ ತಂದರು. ಅದು ಕೆಲವು ವರ್ಗದವರು ಇಷ್ಟವಿದ್ದರೆ ಬರೆಸಿಕೊಳ್ಳುವ ಕಾಯ್ದೆ. ಮದರಾಸು ಪ್ರಾಂತ್ಯ 1899ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕನ್ನಡ ನಾಡು ಆಗ ಹರಿದು ಹಂಚಿಹೋಗಿತ್ತಲ್ಲ: ಬಳ್ಳಾರಿ, ಮಂಗಳೂರು ಮದರಾಸಿಗೆ, ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿಗೆ, ಬೀದರ, ಗುಲಬರ್ಗಾ, ರಾಯಚೂರು ನಿಜಾಮನಿಗೆ, ಕೊಡಗು ಬೇರೆ, ಮೈಸೂರು ಬೇರೆ. ಒಂದೊಂದು ಕಡೆ ಒಂದೊಂದು ರೀತಿ. ಆದರೆ ಹಳ್ಳಿಯ ಮಟ್ಟದಲ್ಲಿ ಲೇಖನಿ ಇದ್ದದ್ದು ಪಟೇಲ ಶಾನುಭೋಗರ ಮನೆತನಗಳ ಕೈಲಿ. ಹೋಗಿ ಸುದ್ದಿ ಹೇಳುವ ತೋಟಿ, ತಳವಾರ ಕೆಳಗೆ ನಿಂತವರು. ಗಡಿ ಜಗಳ ಬಂದಾಗ ಹೊಲೆಯ ಕುಳವಾಡಿ ತೋರಿಸಿದ ಗೆರೆಯೇ ಗಡಿ ಎಂದು ಒಪ್ಪುತ್ತಿದ್ದರೆಂದು ಹತ್ತೊಂಬತ್ತನೇ ಶತಮಾನದ ಬರಹಗಳಲ್ಲೇ ಇದೆ. ಊರಿನ ನೆಲದ ನೆನಪು ಅವನ ತಲೆಯಲ್ಲಿತ್ತು. ಆದರೆ ಆ ನೆನಪನ್ನು ಕಾಗದಕ್ಕಿಳಿಸುವ ಹಕ್ಕು ಅವನಿಗಿರಲಿಲ್ಲ.

ಎಣಿಸಿದಾಗ ಏನು ಕಾಣುತ್ತದೆ ಅನ್ನುವುದಕ್ಕೂ ಒಂದು ಸಾಕ್ಷಿ ಇದೆ. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಮುಂಬಯಿ ನಗರದ ಸಾವುಗಳನ್ನು ಜಾತಿ ಸಮುದಾಯವಾರು ಲೆಕ್ಕ ಹಾಕಿದ್ದರು. ಸಾವಿರ ಜನಕ್ಕೆ ಯುರೋಪಿಯನ್ನರಲ್ಲಿ ಸತ್ತವರು 8.3, ಸವರ್ಣ ಹಿಂದೂಗಳಲ್ಲಿ 18.9, ಕೆಳಜಾತಿಯ ಹಿಂದೂಗಳಲ್ಲಿ 61.6. ಜ್ವರಕ್ಕೆ ಜಾತಿ ಇಲ್ಲ ಅಂತಾರೆ. ಇಕ್ಕಟ್ಟಾದ ಚಾಳಿಗೆ, ಖಾಲಿ ಹೊಟ್ಟೆಗೆ, ಡಾಕ್ಟರು ಕಾಲಿಡದ ಗಲ್ಲಿಗೆ ಜಾತಿ ಇತ್ತು.

ಈಗಿನ ಮರಣ ವರದಿಯ ನಮೂನೆಯಲ್ಲಿ ಧರ್ಮ ಕೇಳುತ್ತಾರೆ, ಕಸುಬು ಕೇಳುತ್ತಾರೆ, ಜಾತಿಯ ಕಲಮು ಇಲ್ಲ. ಹಾಗಾಗಿ ರಿಜಿಸ್ಟರಿನಿಂದ ಅಂಥ ಲೆಕ್ಕ ಇವತ್ತು ತೆಗೆಯಲಾಗದು. 2018ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗದ ವರದಿಯೊಂದು, ಮೇಲ್ಜಾತಿಯ ಹೆಂಗಸರಿಗಿಂತ ದಲಿತ ಹೆಂಗಸರು ಸರಾಸರಿ 14.6 ವರ್ಷ ಮೊದಲೇ ಸಾಯುತ್ತಾರೆ ಎಂದಿತು. ಅಷ್ಟು ದೊಡ್ಡ ಸತ್ಯ ಹೊರಬರಲು ಸಮೀಕ್ಷೆಗಳೇ ಬೇಕಾದವು. ಆ ಹದಿನಾಲ್ಕು ವರ್ಷ ಯಾವ ತಾಲ್ಲೂಕು ಕಚೇರಿಯ ಕಪಾಟಿನಲ್ಲೂ ಕಾಣಿಸುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ಪಟೇಲ ಶಾನುಭೋಗರು ಹೋದರು, ಗ್ರಾಮ ಲೆಕ್ಕಿಗರು ಬಂದರು. ಇಡೀ ದೇಶಕ್ಕೆ ಒಂದೇ ಆದ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಬಹುತೇಕ ರಾಜ್ಯಗಳಲ್ಲಿ ಅದು 1970ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ಅಂದಿನಿಂದ ಸಾವನ್ನು ಬರೆಸುವುದು ಕಡ್ಡಾಯ.

ಕಾಯ್ದೆಯನ್ನು ಓದಿದರೆ ಅದು ನಮಗೆ ವಿರೋಧವಾಗಿಲ್ಲ. ಮನೆಯಲ್ಲಿ ಸತ್ತರೆ ಮನೆಯ ಯಜಮಾನ ತಿಳಿಸಬೇಕು. ಆಸ್ಪತ್ರೆಯಲ್ಲಾದರೆ ವೈದ್ಯಾಧಿಕಾರಿ, ಜೈಲಿನಲ್ಲಾದರೆ ಜೈಲರು, ಪ್ಲಾಂಟೇಶನ್ನಿನಲ್ಲಾದರೆ ಅದರ ಸೂಪರಿಂಟೆಂಡೆಂಟರು. ದಿಕ್ಕಿಲ್ಲದ ಹೆಣ ಬಯಲಲ್ಲಿ ಸಿಕ್ಕರೂ ತಿಳಿಸುವ ಹೊಣೆ ಹೊತ್ತವರಿದ್ದಾರೆ. ಸ್ಮಶಾನ ನೋಡಿಕೊಳ್ಳುವವನೂ ತಿಳಿಸಬೇಕು. ಬಾಯಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಓದು ಬಾರದಿದ್ದರೆ ಹೆಬ್ಬೆಟ್ಟು ಸಾಕು.

ಹಾಗಾದರೆ ಹಟ್ಟಿಯ ಹೆಸರು ಯಾಕೆ ಬೀಳಲಿಲ್ಲ? ನಮಗೆ ಕಂಡ ಕಾರಣಗಳು ಇವು. ಆಸ್ತಿ ಇದ್ದವನು ಖಾತೆಗಾಗಿ ಬರೆಸಿದ. ಆಸ್ತಿಯೇ ಇಲ್ಲದವನಿಗೆ ಆ ಕಾಗದದ ಉಪಯೋಗವೇ ಕಾಣಲಿಲ್ಲ. ಅಪ್ಪ ಸತ್ತ ಮೂರನೇ ದಿನಕ್ಕೆ ಕೂಲಿಗೆ ಹೋಗಬೇಕಾದವನು ಕಚೇರಿ ಸುತ್ತುವುದೆಲ್ಲಿಂದ ಬಂತು? ಸ್ಮಶಾನದವನು ತಿಳಿಸಬೇಕು ಅಂತೀರಿ. ಎಷ್ಟೋ ಹಳ್ಳಿಗಳಲ್ಲಿ ನಮಗೆ ಸ್ಮಶಾನವೇ ಇಲ್ಲ. ಕೆರೆ ಅಂಗಳದಲ್ಲೋ ಹಳ್ಳದ ದಂಡೆಯಲ್ಲೋ ಹೂತು ಬಂದ ಹೆಣಕ್ಕೆ ಯಾವ ಕಾವಲುಗಾರ ಸಾಕ್ಷಿ? ಕಾಫಿ ತೋಟದ ಲೈನ್ ಮನೆಯಲ್ಲಿ ಸತ್ತವನ ಸುದ್ದಿಯನ್ನು ಕಚೇರಿಗೆ ಮುಟ್ಟಿಸಬೇಕಾದವನು ಅವನಿಂದ ದುಡಿಸಿಕೊಂಡವನೇ. ಇನ್ನು ಹೆಂಗಸು ಸತ್ತರೆ? ಅವಳ ಹೆಸರಲ್ಲಿ ಪಹಣಿ ಇಲ್ಲ, ಖಾತೆ ಇಲ್ಲ. ಅವಳ ಸಾವನ್ನು ಕೇಳುವವರೂ ಇಲ್ಲ.

ಒಂದು ಕಾಗದಕ್ಕೆ ಇಷ್ಟು ಮಾತೇಕೆ ಅನ್ನಬಹುದು. 1978ರ ಪಿಟಿಸಿಎಲ್ ಕಾಯ್ದೆ ಇದೆ. ದಲಿತರಿಗೆ ಮಂಜೂರಾದ ಜಮೀನು ಕೈತಪ್ಪಿದ್ದರೆ ಅದನ್ನು ಬಿಡಿಸಿ ಕೊಡುವ ಕಾಯ್ದೆ. ಮಂಜೂರಾದದ್ದು ಅಜ್ಜನಿಗೆ, ಕೇಳುತ್ತಿರುವುದು ಮೊಮ್ಮಗ. ಅಜ್ಜ ಸತ್ತ, ಅಪ್ಪ ಸತ್ತ, ಇವನೇ ವಾರಸುದಾರ ಎಂದು ತೋರಿಸದೆ ವಂಶವೃಕ್ಷ ನಿಲ್ಲುವುದಿಲ್ಲ. ವಿಧವಾ ವೇತನಕ್ಕೂ ಅದೇ ಕಾಗದ.

ಮ್ಯಾನ್‌ಹೋಲಿನ ಸಾವು ತಗೊಳ್ಳಿ. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಇಳಿದು ಸತ್ತವರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಮಾರ್ಚ್ 27ರಂದು ಹೇಳಿತು. 2023ರ ಅಕ್ಟೋಬರಿನಲ್ಲಿ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಆತ ಸತ್ತದ್ದು ಗುಂಡಿಯೊಳಗೇ ಎಂದು ತೋರಿಸುವ ಕಾಗದ ಎಲ್ಲಿ? ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದೇ ಇಲ್ಲ. ರಿಜಿಸ್ಟರಿನಲ್ಲಿ ಬರೆದಿದ್ದರೂ ನಕಲಿನಲ್ಲಿ ಅದನ್ನು ಹೊರಗೆಡಹಬಾರದೆಂದು 1969ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಮನೆತನದ ಮರ್ಯಾದೆ ಕಾಯಲು ಅದು ಸರಿಯೇ. ಕೊಲೆಗೆ ಸಮಾನವಾದ ಸಾವುಗಳಲ್ಲಿ ಮಾತ್ರ ಅದು ಕಂಟ್ರಾಕ್ಟರನ ಮರ್ಯಾದೆಯನ್ನೂ ಕಾಯುತ್ತದೆ. ಆದ್ದರಿಂದ ಅಂಥ ಕಡೆ ಮರಣ ಪ್ರಮಾಣಪತ್ರವೊಂದನ್ನೇ ನಂಬಬೇಡಿ. ಪೊಲೀಸರ ಪ್ರಥಮ ವರ್ತಮಾನ ವರದಿ, ಅಸಹಜ ಸಾವಿನ ವರದಿ, ಶವಪರೀಕ್ಷೆಯ ವರದಿ ಮೂರರ ನಕಲನ್ನೂ ಹೆಣ ಮಣ್ಣಾದ ವಾರದಲ್ಲೇ ಕೇಳಿ ಇಟ್ಟುಕೊಳ್ಳಿ. ಸಾವಿನ ಕಾರಣ ಬರೆದ ವೈದ್ಯಕೀಯ ಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕೆಂದು 2023ರ ತಿದ್ದುಪಡಿಯೇ ಹೇಳಿದೆ.

ಇನ್ನು ಹುಡುಕುವ ಬಗೆ. ಹಳ್ಳಿ ಮೇಷ್ಟ್ರುಗಳು, ಸಂಘಟನೆಯ ಹುಡುಗರು ಇದನ್ನು ಬರೆದಿಟ್ಟುಕೊಳ್ಳಬೇಕು.

ಮೊದಲನೆಯದು, ಸಾವು ಎಲ್ಲಿ ಆಯಿತೋ ಅಲ್ಲಿಯ ರಿಜಿಸ್ಟರಿನಲ್ಲೇ ಅದು ದಾಖಲಾಗುತ್ತದೆ. ಸ್ವಂತ ಊರಿನಲ್ಲಿ ಹುಡುಕಿ ಇಲ್ಲ ಅಂತ ಕೈಚೆಲ್ಲಬೇಡಿ. ಗುಳೆ ಹೋಗಿ ಬೆಂಗಳೂರಲ್ಲೋ ಗೋವಾದಲ್ಲೋ ಸತ್ತಿದ್ದರೆ ಅಲ್ಲಿಯ ನಗರಸಭೆಯಲ್ಲಿ ಕೇಳಬೇಕು. ಜಿಲ್ಲಾಸ್ಪತ್ರೆಯಲ್ಲಿ ಸತ್ತಿದ್ದರೆ ಆ ಪಟ್ಟಣದಲ್ಲಿ.

ಎರಡನೆಯದು ತಾರೀಕು. ಅವ್ವಂದಿರು ಹೇಳುವ ಬರ, ನೆರೆ, ಚುನಾವಣೆ, ಜಾತ್ರೆ, ಕುಯ್ಲು ಇವುಗಳನ್ನು ನಕ್ಕು ತಳ್ಳಬೇಡಿ. ಕೂತು ಕೇಳಿ, ವರ್ಷ ತಿಂಗಳಿಗೆ ಇಳಿಸಿ. ರೇಷನ್ ಕಾರ್ಡಿನಿಂದ ಹೆಸರು ತೆಗೆದ ವರ್ಷ, ವಿಧವಾ ವೇತನದ ಮಂಜೂರಾತಿ ಆದೇಶ, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲೆ ಇವೂ ನೆರವಿಗೆ ಬರುತ್ತವೆ.

ಮೂರನೆಯದು ಹೆಸರು. ಮನೆಯಲ್ಲಿ ಕರಿಯಪ್ಪ, ಪಹಣಿಯಲ್ಲಿ ‘ಕರಿಯ ಬಿನ್ ಹನುಮ’, ಮತಪಟ್ಟಿಯಲ್ಲಿ ಕರಿಯಯ್ಯ. ನಮ್ಮವರ ಹೆಸರಿನ ಬಾಲದಲ್ಲಿ ‘ಅಪ್ಪ’ ‘ಅಯ್ಯ’ ಬರೆಯಲು ಹಿಂದಿನವರ ಲೇಖನಿಗೆ ಭಾರವಾಗುತ್ತಿತ್ತು. ಎಲ್ಲ ರೂಪದಲ್ಲೂ ಹುಡುಕಿಸಿ. ತಪ್ಪಾಗಿ ಬರೆದಿದ್ದರೆ ತಿದ್ದಿಸಲು 15ನೇ ಕಲಮಿನಲ್ಲಿ ಅವಕಾಶವಿದೆ.

ನಾಲ್ಕನೆಯದು, ಶುಲ್ಕ ಕಟ್ಟಿ ಹುಡುಕಿಸಿ ನಕಲು ಪಡೆಯುವುದಕ್ಕೆ ಯಾರಿಗಾದರೂ ಹಕ್ಕಿದೆ, ಅದು ಯಾರ ದಯೆಯೂ ಅಲ್ಲ. ಅರ್ಜಿ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಕೇಳಿ. ದಾಖಲೆ ಇಲ್ಲವೆಂದರೆ ಬಾಯಿಮಾತಿಗೆ ಹಿಂತಿರುಗಬೇಡಿ. ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಿರಿ. ಮುಂದಿನ ಬಾಗಿಲು ತೆಗೆಯುವುದು ಆ ಪತ್ರವೇ.

ಐದನೆಯದು ತಡವಾದ ನೋಂದಣಿ. ಸಾವಾದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ಒಂದು ಪ್ರತಿ ಪುಕ್ಕಟೆ. ಮೂವತ್ತು ದಿನದವರೆಗೆ ತಡದ ಶುಲ್ಕ. ಒಂದು ವರ್ಷದೊಳಗಾದರೆ ಮೇಲಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿದರೆ ಮೊದಲು ನ್ಯಾಯಾಲಯಕ್ಕೆ ಅಲೆದು ಪ್ರಥಮ ದರ್ಜೆ ದಂಡಾಧಿಕಾರಿಯ ಆದೇಶ ತರಬೇಕಿತ್ತು. 2023ರ ಅಕ್ಟೋಬರ್ ಒಂದರಿಂದ ಜಾರಿಗೆ ಬಂದ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯಾಂಗ ದಂಡಾಧಿಕಾರಿಗೆ ಕೊಟ್ಟಿದೆ. ವಕೀಲರ ಖರ್ಚು ಉಳಿಯಬಹುದು. ಆದರೆ ತೀರ್ಮಾನ ಕಂದಾಯ ಇಲಾಖೆಯ ಕೈಗೇ ಬಂದಿರುವುದರಿಂದ ನಾವು ಗುಂಪಾಗಿ ಹೋಗಿ ಕೇಳಬೇಕಾದ ಅಗತ್ಯ ಹೆಚ್ಚಿದೆ.

ನಮ್ಮ ಅಜ್ಜಿಯ ಅರ್ಜಿ ಈಗ ಆ ಹಂತದಲ್ಲಿದೆ. ಗುಂಡಿ ತೋಡಿದ್ದ ಇಬ್ಬರು ಮುದುಕರು ಇನ್ನೂ ಬದುಕಿದ್ದಾರೆ. ಅವರ ಹೇಳಿಕೆ ಬರೆಸಿ ಹೆಬ್ಬೆಟ್ಟು ಹಾಕಿಸಿ ಕೊಟ್ಟಿದ್ದೇವೆ. ಊರಿನ ಗಡಿಗೆ ಇವರ ತಾತಂದಿರ ಮಾತು ಸಾಕಾಗಿತ್ತಲ್ಲ, ತಮ್ಮವನೊಬ್ಬನ ಸಾವಿಗೆ ಇವರ ಮಾತು ಸಾಲುತ್ತದೋ ಇಲ್ಲವೋ ನೋಡಬೇಕು.

ಎಪ್ಪತ್ತರ ದಶಕದ ನಂತರ ಎಷ್ಟೋ ಊರುಗಳಲ್ಲಿ ನಮ್ಮವರು ಸಾವಿನ ಸುದ್ದಿ ಒಯ್ಯುವುದಿಲ್ಲ, ಬಿಟ್ಟಿ ತಮಟೆ ಬಡಿಯುವುದಿಲ್ಲ ಎಂದು ನಿಂತರು. ಹೊಡೆತ ತಿಂದರು, ಬಹಿಷ್ಕಾರ ಉಂಡರು, ಆದರೂ ನಿಂತರು. ಅದರ ಮುಂದಿನ ಕೆಲಸ ಈಗ ನಮ್ಮದು. ಪ್ರತಿ ಕೇರಿಯಲ್ಲಿ ಒಂದು ನೋಟುಬುಕ್ಕು ಇಡೋಣ. ಹೈಸ್ಕೂಲು ಓದುವ ಹುಡುಗಿಯೊಬ್ಬಳು ಬರೆಯಲಿ: ಸತ್ತವರ ಹೆಸರು, ದಿನ, ಜಾಗ, ಕಾರಣ, ಹೂತ ಸ್ಥಳ, ಸುದ್ದಿ ಕಂಡ ಇಬ್ಬರ ಹೆಸರು. ಅದು ಸರ್ಕಾರಿ ದಾಖಲೆಯಲ್ಲ, ನಿಜ. ಆದರೆ ಇಪ್ಪತ್ತೊಂದು ದಿನದೊಳಗೆ ನೋಂದಣಿದಾರನ ಮುಂದೆ ಹೋಗುವುದಕ್ಕೆ, ನಲವತ್ತು ವರ್ಷದ ಮೇಲೆ ಮೊಮ್ಮಗ ಕೇಳಿದಾಗ ತೋರಿಸುವುದಕ್ಕೆ ಅದು ಬೇಕು. ಬರುವ ಭಾನುವಾರ ನಿಮ್ಮ ಕೇರಿಯ ಹಿರಿಯರೊಬ್ಬರ ಪಕ್ಕ ಕೂತು ಮೊದಲ ಹಾಳೆ ತುಂಬಿಸಿ.