ಏಳೇ ಯಾಕೆ, ಎಂಟು ಯಾಕಲ್ಲ?

ಮೊನ್ನೆ ಭಾನುವಾರ ಅಕ್ಕನ ಮಗಳು ಬ್ಯಾಂಕ್ ಪರೀಕ್ಷೆಯ ಗೈಡು ಹಿಡ್ಕೊಂಡು ಮನೆಗೆ ಬಂದಿದ್ದಳು. ಎರಡು ಸಲ ಬರೆದು ಸ್ವಲ್ಪದರಲ್ಲೇ ತಪ್ಪಿಹೋಗಿದೆ, ಇದು ಮೂರನೇ ಸಲ. ಅವಳನ್ನು ಕಾಡುತ್ತಿದ್ದ ಲೆಕ್ಕ ಇದು: 2, 3, 4, 5, 6 ಯಾವುದರಿಂದ ಭಾಗಿಸಿದರೂ 1 ಉಳಿಯಬೇಕು, 7ರಿಂದ ಭಾಗಿಸಿದರೆ ಏನೂ ಉಳಿಯಬಾರದು. ಅಂಥ ಅತಿ ಚಿಕ್ಕ ಸಂಖ್ಯೆ ಯಾವುದು?

"ಕೋಚಿಂಗ್‌ನಲ್ಲಿ ನಾಲ್ಕು ಆಯ್ಕೆಗಳನ್ನೂ ಒಂದೊಂದಾಗಿ ಭಾಗಿಸಿ ನೋಡು ಅಂತಾರೆ ಮಾಮ. ಆದ್ರೆ ಏಳೇ ಯಾಕೆ? ಎಂಟು ಯಾಕಿಲ್ಲ?" ಅಂದಳು. ನಾನು ತಬ್ಬಿಬ್ಬು. ಲೆಕ್ಕವೇನೋ ಬರುತ್ತೆ, 'ಯಾಕೆ' ಬರಲ್ಲ!

ಮೊದಲು ಲೆಕ್ಕ ಮುಗಿಸಿಬಿಡೋಣ. 2ರಿಂದ 6ರವರೆಗಿನ ಲ.ಸಾ.ಅ. 60. ಹಾಗಾಗಿ ನಮ್ಮ ಸಂಖ್ಯೆ 60ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. 61, 121, 181, 241, 301... 7ರಿಂದ ಭಾಗಿಸುತ್ತಾ ಹೋದರೆ ಶೇಷ 5, 2, 6, 3, ಆಮೇಲೆ ಸೊನ್ನೆ. ಉತ್ತರ 301.

ಈ ಲೆಕ್ಕ ಗೈಡು ಬರೆದವರು ಹುಟ್ಟಿಸಿದ್ದಲ್ಲ. ಕ್ರಿ.ಶ. 629ರಲ್ಲಿ ಆರ್ಯಭಟೀಯಕ್ಕೆ ವ್ಯಾಖ್ಯಾನ ಬರೆದ ಒಂದನೇ ಭಾಸ್ಕರ ಇದನ್ನೇ ಕೇಳಿದ್ದಾನೆ. (ಲೀಲಾವತಿಯ ಭಾಸ್ಕರ ಬೇರೆ, ಅವನು ಐದು ಶತಮಾನ ಆಮೇಲಿನವನು.) ಆರ್ಯಭಟ 499ರಲ್ಲೇ ಇಂಥವಕ್ಕೆ ದಾರಿ ಕೊಟ್ಟಿದ್ದ, ಅದರ ಹೆಸರು ಕುಟ್ಟಕ. ನಮ್ಮ 'ಕುಟ್ಟು' ನೆನಪಾಗುತ್ತಲ್ಲ? ದೊಡ್ಡ ಸಂಖ್ಯೆಯನ್ನು ಕುಟ್ಟಿ ಚಿಕ್ಕದು ಮಾಡುವುದು. 60ನ್ನು 7ರಿಂದ ಭಾಗಿಸಿದರೆ ಶೇಷ 4. ಹಾಗಾದರೆ 60ರ ಬದಲು 4 ಸಾಕು: ನಾಲ್ಕನ್ನು ಎಷ್ಟರಿಂದ ಗುಣಿಸಿ 1 ಕೂಡಿದರೆ 7ರ ಮಗ್ಗಿಯಲ್ಲಿ ಬರುತ್ತೆ? ಐದರಿಂದ, 21. ಅಂದರೆ 60×5+1. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ.

ಸುಮಾರು ಕ್ರಿ.ಶ. 1000ದ ಹೊತ್ತಿಗೆ ಇದೇ ಲೆಕ್ಕ ಇಬ್ನ್ ಅಲ್-ಹೈತಮ್ ಕೈಯಲ್ಲಿದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದವನು, ಬೆಳಕಿನ ಶಾಸ್ತ್ರಕ್ಕೆ ಹೆಸರಾದವನು. ಅವನ ಒಂದು ವಿಧಾನ ನೋಡಿ ನನಗೆ ಖುಷಿಯಾಯಿತು. 1ರಿಂದ 6ರವರೆಗೆ ಎಲ್ಲವನ್ನೂ ಗುಣಿಸು: 720. ಒಂದು ಕೂಡಿಸು: 721. ಇದನ್ನು 2ರಿಂದ 6ರವರೆಗೆ ಯಾವುದರಿಂದ ಭಾಗಿಸಿದರೂ 1 ಉಳಿಯಲೇಬೇಕು. ಆದರೆ 721 = 7×103! ಅತಿ ಚಿಕ್ಕದಲ್ಲ, ಸರಿ, ಆದರೆ ಹುಡುಕಾಟವೇ ಇಲ್ಲದೆ ಸಿಕ್ಕಿತು. (ಚಿಕ್ಕದು ಬೇಕಾದರೆ 420 ಕಳೆಯಿರಿ.) 7ರ ಜಾಗದಲ್ಲಿ ಯಾವ ಅವಿಭಾಜ್ಯ ಸಂಖ್ಯೆ ಇಟ್ಟರೂ ಇದು ನಡೆಯುತ್ತೆ ಅಂತ ಅವನು ಹೇಳಿದ್ದ.

ಎಂಟು ಇಟ್ಟರೆ? 8ರಿಂದ ಪೂರ್ತಿ ಭಾಗವಾಗುವ ಸಂಖ್ಯೆ 2ರಿಂದಲೂ ಪೂರ್ತಿ ಭಾಗವಾಗುತ್ತೆ. ಆಗ 2ಕ್ಕೆ 1 ಉಳಿಯೋದು ಎಲ್ಲಿಂದ? ಲೆಕ್ಕವೇ ಸುಳ್ಳಾಗುತ್ತೆ. 9ಕ್ಕೆ 3 ಅಡ್ಡಿ, 10ಕ್ಕೆ 2 ಮತ್ತು 5. ಅವಿಭಾಜ್ಯಕ್ಕೆ ಮಾತ್ರ ಹಿಂದೆ ಯಾರೂ ತಕರಾರು ತೆಗೆಯುವವರಿಲ್ಲ. ಇಷ್ಟು ಹೇಳಿದ್ದೇ ತಡ, ಹುಡುಗಿ ಗೈಡು ಮುಚ್ಚಿಟ್ಟು 11ಕ್ಕೆ ಲೆಕ್ಕ ಹಾಕತೊಡಗಿದಳು.

ಆದರೆ ಹೆಸರು ಬಂದದ್ದು ಯಾರಿಗೆ ಗೊತ್ತೇ? ಇಂಗ್ಲೆಂಡಿನ ಜಾನ್ ವಿಲ್ಸನ್‌ಗೆ. ಅವನ ಗುರು ವೇರಿಂಗ್ 1770ರಲ್ಲಿ ಶಿಷ್ಯನ ಹೆಸರಲ್ಲಿ ಅಚ್ಚು ಹಾಕಿಸಿದ, ಸಾಧಿಸಿ ತೋರಿಸಲು ಇಬ್ಬರಿಗೂ ಆಗಲಿಲ್ಲ. ಮರುವರ್ಷ ಲಗ್ರಾಂಜ್ ಸಾಧಿಸಿದ. ವಿಲ್ಸನ್ ಗಣಿತ ಬಿಟ್ಟು ವಕೀಲಿಗೆ ಹೋಗಿ ನ್ಯಾಯಾಧೀಶನಾದ. ಪ್ರಮೇಯ ಮಾತ್ರ ಇವತ್ತಿಗೂ ಅವನದೇ!

ಅಂದಹಾಗೆ ಆ 11ರ ಲೆಕ್ಕ, 2ರಿಂದ 10ರವರೆಗೆ ಶೇಷ 1, 1202ರಲ್ಲಿ ಫಿಬೊನಾಚಿಯ ಪುಸ್ತಕದಲ್ಲೂ ಇದೆ. ಹುಡುಗಿಗೆ ಕಾಫಿ ಆರುವಷ್ಟರಲ್ಲಿ 25201 ಬಂತು. ನೀವೂ ಒಂದು ಕೈ ನೋಡಿ, 13ಕ್ಕೆ ಎಷ್ಟು ಬರುತ್ತೆ ಅಂತ.